ಹೊಸ ಹೆವಿ ಡ್ಯೂಟಿ ಪಿಕಪ್, ಹಿಂದೆ ಟ್ರೇಲರ್: ತಗೊಂಡವರು ಅನುಭವ ಹೇಳಿ

ಮೈಸೂರು_ಡ್ಯಾಲಸ್
ಎಲ್ಲರಿಗೂ ನಮಸ್ಕಾರ. ಬರೋ ಬೇಸಿಗೆಗೆ ಅಪ್ಪ ಅಮ್ಮ ಮೈಸೂರಿಂದ ಬರ್ತಿದ್ದಾರೆ. ಅವರನ್ನೂ ನಮ್ಮಿಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಡ್ಯಾಲಸ್‌ನಿಂದ ಯೆಲ್ಲೋಸ್ಟೋನ್‌ಗೆ ಹೋಗ್ಬೇಕು ಅಂತ ಆಸೆ. 28 ಅಡಿ ಟ್ರಾವೆಲ್ ಟ್ರೇಲರ್ ನೋಡಿಟ್ಟಿದ್ದೀವಿ, ಜಿವಿಡಬ್ಲ್ಯುಆರ್ (ಎಲ್ಲ ತುಂಬಿದ ಮೇಲೂ ದಾಟಬಾರದ ಒಟ್ಟು ತೂಕ) 7,600 ಪೌಂಡ್. ಎಳೆಯೋಕೆ ಮುಕ್ಕಾಲು ಟನ್ (ಪಿಕಪ್ಪಿನ ಗಾತ್ರಕ್ಕೆ ಇಲ್ಲಿ ಹೇಳೋ ಹೆಸರು; ಅರ್ಧ ಟನ್ ಅದಕ್ಕಿಂತ ಚಿಕ್ಕದು, ಒಂದು ಟನ್ ದೊಡ್ಡದು) ಹೊಸ ಪಿಕಪ್ ತಗೋಬೇಕು. ಡೀಸೆಲ್ಲಾ ಗ್ಯಾಸಾ (ಅಂದ್ರೆ ಪೆಟ್ರೋಲಾ) ತೀರ್ಮಾನ ಆಗಿಲ್ಲ. ವಾರದ ದಿನ ಆಫೀಸಿಗೆ 6 ಮೈಲಿ ಅಷ್ಟೇ. ಬ್ರೋಷರ್ ಎಲ್ಲ ಓದಿ ಆಗಿದೆ, ನಿಜವಾಗಿ ಎಳೆದವರ ಮೊದಲ ಕೆಲವು ತಿಂಗಳ ಅನುಭವ ಬೇಕು.

ಕಾವೇರಿ_ತೀರ
ಡೀಸೆಲ್ಲಾ ಗ್ಯಾಸಾ ಅನ್ನೋದು ಆಮೇಲಿನ ಮಾತು ಕಣ್ರೀ. ನನಗೆ ಆಗ ಯಾರೂ ಹೇಳ್ಲಿಲ್ಲ, ಅದಕ್ಕೇ ಬುಡದಿಂದ ಹೇಳ್ತೀನಿ.

2023ರ ಮಾರ್ಚಲ್ಲಿ ಮುಕ್ಕಾಲು ಟನ್ ಡೀಸೆಲ್ ತಗೊಂಡೆ. ಮೇಲಿನ ಟ್ರಿಮ್ಮು. ಸನ್‌ರೂಫು, ಮಸಾಜ್ ಸೀಟು, ಬಾಗಿಲು ತೆಗೆದ್ರೆ ತಾನೇ ಇಳಿಯೋ ಮೆಟ್ಟಿಲು. ಎಲ್ಲ ಸೇರಿ 81,400 ಡಾಲರ್. ಮೊದಲನೇ ವಾರ ರಾತ್ರಿ ಎದ್ದು ಎದ್ದು ಕಿಟಕಿಯಿಂದ ನೋಡ್ತಿದ್ದೆ. 11,000 ಪೌಂಡಿನ ಫಿಫ್ತ್ ವೀಲ್ (ಪಿಕಪ್ ಬೆಡ್ ಮೇಲೆ ಕೊಂಡಿ ಕೂರೋ ಟ್ರೇಲರ್) ಎಳೀಬೇಕು ಅಂದಿದ್ದಕ್ಕೆ ಸೇಲ್ಸ್‌ನೋನು "ಹಿಂದೆ ಇರೋದೇ ಗೊತ್ತಾಗಲ್ಲ" ಅಂದ. ಎಳೆಯೋ ವಿಷಯದಲ್ಲಿ ಅವನು ಹೇಳಿದ್ದು ಸುಳ್ಳಲ್ಲ. ಹೊರೋ ವಿಷಯದಲ್ಲಿ ಬಾಯೇ ಬಿಡ್ಲಿಲ್ಲ.

ಮೂರನೇ ಟ್ರಿಪ್ಪು, ರಾತ್ರಿ ಹೊತ್ತು. ಹೆಡ್‌ಲೈಟು ರಸ್ತೆ ಬಿಟ್ಟು ಮರದ ಕೊಂಬೆ ಮೇಲೆ ಬೀಳ್ತಿತ್ತು. ಎದುರಿಂದ ಬರೋರೆಲ್ಲ ನಾನು ಹೈ ಬೀಮ್ ಹಾಕ್ಕೊಂಡಿದ್ದೀನಿ ಅಂತ ಫ್ಲಾಶ್ ಹೊಡೀತಿದ್ರು. ಟ್ರಕ್ ಸ್ಟಾಪಲ್ಲಿ ಇಳಿದು ನೋಡಿದ್ರೆ ಹಿಂಭಾಗ ಕುಸಿದು ಮೂತಿ ಮೇಲೆದ್ದಿತ್ತು. ಅಲ್ಲೇ ಕ್ಯಾಟ್ ಸ್ಕೇಲ್ (ಗಾಡಿ ತೂಗೋ ತಕ್ಕಡಿ) ಮೇಲೆ ನಿಲ್ಲಿಸಿದೆ. ಆ ಚೀಟಿ ಈಗಲೂ ಪರ್ಸಲ್ಲಿದೆ. ಮುಂದಿನ ಆಕ್ಸಲ್ 4,900, ಹಿಂದಿನದು 6,060. ಸೇರಿ 10,960. ನನ್ನ ಪಿಕಪ್ಪಿನ ಜಿವಿಡಬ್ಲ್ಯುಆರ್ 10,000. ಬಾಗಿಲ ಕಂಬದ ಮೇಲಿನ ಸ್ಟಿಕರಲ್ಲಿ ಪೇಲೋಡ್ (ಪಿಕಪ್ ತನ್ನ ಮೇಲೆ ಹೊರಬಹುದಾದ ಭಾರ) 2,117 ಅಂತ ಮೊದಲ ದಿನದಿಂದಲೂ ಬರೆದೇ ಇತ್ತು. ನಾನು ಅದರ ಪಕ್ಕದಲ್ಲೇ ಸಾವಿರ ಸಲ ಹತ್ತಿ ಇಳಿದಿದ್ದೀನಿ. ಟ್ರೇಲರ್ ಕೂಡಿಸೋ ಕೊಂಡಿ, ಆ ಸ್ಲೈಡರ್ ಹಿಚ್ಚೇ 210 ಪೌಂಡು, ನಾವು ನಾಲ್ಕು ಜನ 520, ಪಿನ್ ವೇಟ್ (ಟ್ರೇಲರ್ ಪಿಕಪ್ ಮೇಲೆ ಹೊರಿಸೋ ಭಾರ) 2,200. ಡೀಸೆಲ್ ಎಂಜಿನ್ನಿನ ಭಾರ, ಆ ಸನ್‌ರೂಫಿನ ಭಾರ, ಮೆಟ್ಟಿಲ ಭಾರ, ಎಲ್ಲ ಪೇಲೋಡಲ್ಲೇ ಕಳೆದುಹೋಗಿತ್ತು.

ಏಳು ತಿಂಗಳಿಗೆ ವಾಪಸ್ ಕೊಟ್ಟೆ. 66,500 ಕೊಟ್ರು. 15,000 ಹತ್ರ ನೆಲಕ್ಕೆ ಬಿತ್ತು, ಹೊಸದಕ್ಕೆ ಟ್ಯಾಕ್ಸು ಬೇರೆ. ಈಗಿರೋದು ಒಂದು ಟನ್, ಹಿಂದೆ ಜೋಡಿ ಚಕ್ರ ಇಲ್ಲದ್ದು, ಪೇಲೋಡ್ 3,806. ಖಾಲಿ ಓಡಿಸಿದ್ರೆ ಬೆನ್ನು ಮುರಿಯುತ್ತೆ, ಮನೆಯವಳು ಅಂಗಡಿಗೂ ಅದರಲ್ಲಿ ಬರಲ್ಲ ಅಂತಾಳೆ. ಆದ್ರೂ ರಾತ್ರಿ ಹೆಡ್‌ಲೈಟು ರಸ್ತೆ ಮೇಲೆ ಬೀಳ್ತದೆ.

ಕುಡ್ಲ_ವಿ8
ಆ 10,000 ಅಂಕೆ ಇಟ್ಟುಕೊಂಡು ಪಿಕಪ್ ಮಾರಿದ್ದಾ ನೀವು? ಅದು ಕಾಗದದ ಲೆಕ್ಕ ಮಾರಾಯ್ರೆ. ಗಾಡಿ ಆ ತೂಕದ ಕ್ಲಾಸ್ ದಾಟಬಾರದು ಅಂತ ಕಂಪನಿಯವರು ಅಲ್ಲಿಗೆ ನಿಲ್ಲಿಸಿದ್ದು. ಹಿಂದಿನ ಆಕ್ಸಲ್ ಮಿತಿಯೊಳಗೆ ಉಂಟಲ್ಲ, ಟೈರು ಉಂಟಲ್ಲ, ಇನ್ನೆಂತ ಬೇಕು? ಹಿಂದಿನ ಸ್ಪ್ರಿಂಗಿಗೆ ಎರಡು ಏರ್ ಬ್ಯಾಗ್ ಹಾಕಿಸಿದ್ದರೆ 500 ಡಾಲರಿಗೆ ಹೆಡ್‌ಲೈಟ್ ಕೆಳಗೆ ಬರ್ತಿತ್ತು.

ನನ್ನದು 2022ರ ಫೋರ್ಡ್ ಮುಕ್ಕಾಲು ಟನ್, 7.3 ಲೀಟರ್ ಗ್ಯಾಸ್ ವಿ8, 430 ಕುದುರೆ. ಅರಿಜೋನಾದಲ್ಲಿ ಇರುವುದು. 8,400 ಪೌಂಡಿನ ಟ್ರೇಲರ್ ಕಟ್ಟಿ ಮೂರು ವರ್ಷ ಆಯ್ತು. ಪ್ರತಿಯೊಂದು ಗ್ಯಾಲನ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಟ್ರೇಲರ್ ಇದ್ದಾಗ ಗ್ಯಾಲನ್ನಿಗೆ 8.2 ಮೈಲಿ. ನನ್ನ ಭಾವನ ಡೀಸೆಲ್ಲು ಅದೇ ತೂಕಕ್ಕೆ 11 ಕೊಡುವುದು. ವರ್ಷಕ್ಕೆ 5,000 ಮೈಲಿ ಎಳೆದರೆ ನನಗೆ 610 ಗ್ಯಾಲನ್, ಅವನಿಗೆ 455. ಗ್ಯಾಸ್ 3.20, ಡೀಸೆಲ್ 3.80 ಅಂತ ಹಿಡಿದರೆ ಅವನಿಗೆ ಉಳಿಯುವುದು 223 ಡಾಲರ್. ಅದರಲ್ಲಿ ಡಿಇಎಫ್ (ಡೀಸೆಲ್ ಹೊಗೆ ಶುದ್ಧ ಮಾಡುವ ದ್ರವ) ಕ್ಯಾನ್ ತೆಗೆಯಿರಿ, 12-13 ಕ್ವಾರ್ಟ್ ಆಯಿಲ್ ತೆಗೆಯಿರಿ, ಫ್ಯೂಯಲ್ ಫಿಲ್ಟರ್ ತೆಗೆಯಿರಿ. ಎಂತದೂ ಇಲ್ಲ. ಎಂಜಿನ್ನಿಗೆ ಅಂತ ಹೆಚ್ಚಿಗೆ ಕೊಟ್ಟ ಹತ್ತು ಸಾವಿರ ಯಾವಾಗ ಹುಟ್ಟುವುದು? ಅವನು ಲೆಕ್ಕ ಕೇಳಿದರೆ ಮಾತು ಬದಲಿಸುತ್ತಾನೆ.

ಕಾವೇರಿ_ತೀರ
ಮಾರೋವಾಗ ಡೀಸೆಲ್‌ಗೆ ಬರೋ ರೇಟು ನಿಮ್ಮ ಪುಸ್ತಕದಲ್ಲಿ ಯಾಕಿಲ್ಲ? ಮತ್ತೆ ಕಾಗದದ ಲೆಕ್ಕ ಅಂದ್ರಲ್ಲ, ನಾಳೆ ಏನಾದ್ರೂ ಆಗಿ ಎದುರಿನವರ ವಕೀಲ ಅದೇ ಕಾಗದ ಹಿಡ್ಕೊಂಡು ನಿಂತ್ರೆ ಏರ್ ಬ್ಯಾಗ್ ತೋರಿಸ್ತೀರಾ? ಏರ್ ಬ್ಯಾಗು ಮೂತಿ ಮಟ್ಟ ಮಾಡುತ್ತೆ, ಪೇಲೋಡ್ ಒಂದು ಪೌಂಡೂ ಜಾಸ್ತಿ ಮಾಡಲ್ಲ.

ಡೆನ್ವರ್_ಅಕ್ಕ
ಇಬ್ಬರೂ ಸಮತಟ್ಟಿನ ಲೆಕ್ಕ ಹೇಳ್ತಿದ್ದೀರಿ. ನಾನು ಬೆಟ್ಟದ್ದು ಹೇಳ್ತೀನಿ.

ನಮ್ಮನೇಲಿ ಟ್ರೇಲರ್ ಓಡಿಸೋದು ನಾನೇ. ಮೊದಲು ಗ್ಯಾಸ್ ಪಿಕಪ್ ಇತ್ತು, ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಟರ್ಬೋ ಇಲ್ಲದ್ದು. ಐ-70ರಲ್ಲಿ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲಿದೆ. ಸಾವಿರ ಅಡಿಗೆ ನೂರಕ್ಕೆ ಮೂರರಂತೆ ಶಕ್ತಿ ಕಳ್ಕೊಂಡ್ರೂ ಅಷ್ಟು ಹೊತ್ತಿಗೆ ಮೂರನೇ ಒಂದು ಭಾಗ ಹೋಗಿರುತ್ತೆ. ಹತ್ತೋವಾಗ 4,500 ಆರ್‌ಪಿಎಂನಲ್ಲಿ ಕಿರುಚ್ತಾ, ಗಂಟೆಗೆ 34 ಮೈಲಿ, ಹಜಾರ್ಡ್ ಲೈಟ್ ಹಾಕ್ಕೊಂಡು ಸೆಮಿಗಳ (ದೊಡ್ಡ ಲಾರಿಗಳ) ಸಾಲಲ್ಲಿ. ಅದನ್ನಾದ್ರೂ ಸಹಿಸ್ಕೋಬಹುದು. ಹೆದರಿಕೆ ಆಗೋದು ಇಳಿಯೋವಾಗ.

ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆ ಇಳಿಜಾರು. ಎರಡನೇ ಗೇರಿಗೆ ಹಾಕಿದ್ರೂ ಗಾಡಿ ತಾನೇ ಓಡ್ತಿತ್ತು. ಬ್ರೇಕ್ ಒತ್ತು, ಬಿಡು, ಒತ್ತು, ಬಿಡು. ಅರ್ಧ ದಾರಿಗೆ ಸುಟ್ಟ ವಾಸನೆ ಬಂತು. ಮಗಳು ಹಿಂದಿನಿಂದ "ಅಮ್ಮಾ, ಏನೋ ಸೀದ್ಹೋಗ್ತಿದೆ" ಅಂದ್ಲು. ಪೆಡಲ್ ಮೊದಲಿಗಿಂತ ಎರಡು ಬೆರಳು ಆಳಕ್ಕೆ ಹೋಗ್ತಿತ್ತು. ರನ್‌ಅವೇ ರ‍್ಯಾಂಪಿನ (ಬ್ರೇಕ್ ಹೋದ ಗಾಡಿ ನಿಲ್ಲಿಸೋ ಪಕ್ಕದ ದಾರಿ) ಬೋರ್ಡ್ ಕಂಡಾಗ ಅದಕ್ಕೇ ನುಗ್ಗಿಸಲಾ ಅಂತ ನಿಜವಾಗಿಯೂ ಯೋಚನೆ ಮಾಡಿದೆ. ಹೇಗೋ ಕೆಳಗೆ ಬಂದು ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿದೆ. ಮುಂದಿನ ಚಕ್ರದಿಂದ ತೆಳ್ಳಗೆ ಹೊಗೆ ಬರ್ತಿತ್ತು. ಸ್ಟೀರಿಂಗಿನಿಂದ ಕೈ ತೆಗೆದ್ರೆ ಬೆರಳು ಬಿಚ್ಚಲಿಲ್ಲ. ಆಮೇಲೆ ಗೊತ್ತಾಯ್ತು, ಟ್ರೇಲರ್ ಬ್ರೇಕ್ ಕಂಟ್ರೋಲರಿನ ಗೇನ್ (ಟ್ರೇಲರ್ ಬ್ರೇಕ್ ಎಷ್ಟು ಜೋರಾಗಿ ಹಿಡೀಬೇಕು ಅನ್ನೋ ಅಂಕಿ) ತೀರಾ ಕಮ್ಮಿ, 3ಕ್ಕೆ ಇಟ್ಟಿದ್ದೆ. ಟ್ರೇಲರ್ ಬ್ರೇಕು ಕೆಲಸವನ್ನೇ ಮಾಡಿರಲಿಲ್ಲ, ಅಷ್ಟೂ ತೂಕ ಪಿಕಪ್ಪಿನ ಬ್ರೇಕ್ ಮೇಲೆ ಬಿದ್ದಿತ್ತು. ರೋಟರ್, ಪ್ಯಾಡ್ ನಾಲ್ಕಕ್ಕೂ 1,380 ಡಾಲರ್.

ಹೊಸ ಡೀಸೆಲ್ ತಗೊಂಡು ಮೊದಲ ಸಲ ಅದೇ ಇಳಿಜಾರಿಗೆ ಹೋದಾಗ ಎಕ್ಸಾಸ್ಟ್ ಬ್ರೇಕ್ (ಎಂಜಿನ್ನೇ ಗಾಡಿ ತಡೆಯೋ ವ್ಯವಸ್ಥೆ) ಆನ್, ಟೋ-ಹಾಲ್ (ಟ್ರೇಲರ್ ಎಳೆಯೋವಾಗಿನ ಗೇರ್ ಮೋಡ್) ಆನ್, ಮೇಲೆ 45ಕ್ಕೆ ಇಳಿಸ್ಕೊಂಡು ಕಾಲು ತೆಗೆದೆ. ಕೆಳಗಿನ ತನಕ ಬ್ರೇಕ್ ಮುಟ್ಟಿದ್ದು ಎರಡೇ ಸಲ. ನನಗೆ ಮೈಲೇಜಿನ ಪುಸ್ತಕ ಬೇಡ. ಆ ಹತ್ತು ಸಾವಿರ ನನಗೆ ಅವತ್ತೇ ಹುಟ್ಟಿದೆ.

ಕುಡ್ಲ_ವಿ8
ಅಕ್ಕ, ಗೇನ್ ತಪ್ಪಿಟ್ಟದ್ದಕ್ಕೆ ಗ್ಯಾಸ್ ಎಂಜಿನ್ ಎಂತ ಮಾಡಬೇಕು? ನಾನೂ ಫ್ಲ್ಯಾಗ್‌ಸ್ಟಾಫಿಗೆ ಹತ್ತಿ ಇಳಿಯುತ್ತೇನೆ. ಹತ್ತು ಗೇರ್ ಇರುವುದು ಅದಕ್ಕೇ ಅಲ್ವಾ.

ಡೆನ್ವರ್_ಅಕ್ಕ
ಗೇನ್ ನನ್ನ ತಪ್ಪು, ನಾನೇ ಬರೆದಿದ್ದೀನಿ. ಫ್ಲ್ಯಾಗ್‌ಸ್ಟಾಫ್ 7,000 ಅಡಿ. 11,000ಕ್ಕೆ ಬಂದು ಆಮೇಲೆ ಹೇಳಿ.

ಧಾರವಾಡ_ಮಿಶಿಗನ್
ಡೀಸೆಲ್ ಡೀಸೆಲ್ ಅನ್ನಾಕತ್ತೀರಲ್ಲ, ನನ್ನ ಗೋಳ ಒಂದೀಟ ಕೇಳ್ರಿ.

2021ರಾಗ ಹೊಸಾ ಡೀಸೆಲ್ ತಗೊಂಡೆ. ದಿನಾ ಆಫೀಸಿಗೆ 9 ಮೈಲಿ. ನಮ್ಮಲ್ಲಿ ಚಳಿ ಹೆಂಗ ಇರ್ತದ ಗೊತ್ತದಲ್ಲ, ಎಂಜಿನ್ ಬಿಸಿ ಆಗೂದ್ರಾಗ ಆಫೀಸ್ ಬಂದ್ಬಿಡ್ತದ. ಡಿಪಿಎಫ್ (ಹೊಗಿ ಮಸಿ ಹಿಡಿಯೂ ಫಿಲ್ಟರ್) ರೀಜೆನ್, ಅಂದ್ರ ಆ ಮಸಿ ಸುಡೂದು, ಶುರು ಆಗ್ತದ, ಅರ್ಧಕ್ಕ ನಾ ಕೀ ತೆಗೀತೀನಿ. ದಿನಾ ಇದ ಹಾಡು. 14,000 ಮೈಲಿಗೆ ಎಕ್ಸಾಸ್ಟ್ ಫಿಲ್ಟರ್ ತುಂಬೇದ ಅಂತ ತೋರಿಸ್ತು. ಡೀಲರ್ ಕಡೆ ಒಯ್ದೆ, "ಹೈವೇಕ್ಕ ತಗೊಂಡ್ ಹೋಗಿ ನಲವತ್ತ ಮಿನಿಟ್ ಓಡಿಸ್ರಿ" ಅಂದ್ರು. ಓಡಿಸಿದೆ. ಹೋತು. ತಿಂಗಳಿಗೆ ಮತ್ತ ಬಂತು.

ಆಮ್ಯಾಲೆ ಆಗಸ್ಟಿನ್ಯಾಗ ಟ್ರೇಲರ್ ಕಟ್ಕೊಂಡು ಉತ್ತರಕ್ಕ ಹೊಂಟಿದ್ವಿ. ಮ್ಯಾಕಿನಾ ಸೇತುವೆಗೆ ಇನ್ನ ಹದಿನೆಂಟ ಮೈಲಿ ಇರಬೇಕಾರ ಡ್ಯಾಶ್‌ಬೋರ್ಡ್ ಮ್ಯಾಲೆ ಡಿಇಎಫ್ ದೋಷ ಅಂತ ಬಂತು, ಕೆಳಗ ಎಣಿಕಿ: ಇಷ್ಟ ಮೈಲಿ ಆದಮ್ಯಾಲೆ ಗಂಟೆಗೆ 5 ಮೈಲಿ. ಡಿಇಎಫ್ ಟ್ಯಾಂಕ್ ಮುಂಜಾನೆನ ತುಂಬಿಸಿದ್ದೆ! 5 ಮೈಲಿ ಉದ್ದದ ಸೇತುವೆ, ಕೆಳಗ ನೀರು, ಗಾಳಿ, ಹಿಂದ 26 ಅಡಿ ಟ್ರೇಲರ್. ನಡುವ ನಿಂತ್ರ ಏನ್ ಮಾಡ್ಲಿ? ಮ್ಯಾಕಿನಾ ಸಿಟಿ ಒಳಗ ಒಂದು ಪಾರ್ಕಿಂಗ್ ಲಾಟ್‌ನ್ಯಾಗ ನಿಲ್ಲಿಸಿಬಿಟ್ಟೆ. ಮಕ್ಕಳು ಅಲ್ಲೇ ಕುಂತ ಸೇತುವೆ ನೋಡಿದ್ರು, ದಾಟ್ಲಿಲ್ಲ.

ಟೋ ಟ್ರಕ್ 640 ಡಾಲರ್. ನಾಕ್ಸ್ ಸೆನ್ಸರ್ (ಹೊಗಿ ಅಳಿಯೂ ಪಾರ್ಟ್) ಬ್ಯಾಕ್ ಆರ್ಡರ್, 23 ದಿನ. ಪಾರ್ಟ್ ವಾರಂಟಿಯೊಳಗ ಆತು. ಬಾಡಿಗಿ ಕಾರು 1,150, ಕ್ಯಾಂಪ್‌ಗ್ರೌಂಡಿನ ಮುಂಗಡ 290, ಟ್ರೇಲರ್ ಅಲ್ಲೇ ಇಟ್ಟಿದ್ದಕ್ಕ ದಿನಕ್ಕ 20. ಇದನ್ನ ಯಾವ ವಾರಂಟಿನೂ ಕೊಡೂದಿಲ್ಲ. ಡಿಸೆಂಬರಿಗೆ ಡಿಇಎಫ್ ಹೀಟರ್ ಹೋತು. 12 ಡಿಗ್ರಿ ಫ್ಯಾರನ್‌ಹೀಟಿಗೆ ಡಿಇಎಫ್ ಗಟ್ಟಿ ಆಗ್ತದ, ನಮ್ಮಲ್ಲಿ ಅದಕ್ಕಿಂತ ಕೆಳಗ ವಾರಗಟ್ಟಲೆ ಇರ್ತದ. ಎಂಜಿನ್ ಛಲೋನ ಅದ, ಖರೇನ ಬಂಗಾರದಂಥಾದ್ದು. ಅದರ ಬಾಲಕ್ಕ ಕಟ್ಟಿದ ಡಬ್ಬಿಗಳ ನಮ್ಮ ಜೀವ ತಿನ್ನೂದು.

ರೋಲಿಂಗ್_ರಾಯಚೂರು
ಧಾರವಾಡ ಅಣ್ಣಾ, ಇಷ್ಟಕ್ಕ್ಯಾಕ ಚಿಂತಿ. ಡಿಪಿಎಫ್, ಡಿಇಎಫ್ ಎಲ್ಲಾ ಕಿತ್ತಿ ಒಗದು ಟ್ಯೂನ್ ಹಾಕಸ್ರಿ. ನಂದು ಎರಡು ವರ್ಷ ಆತು, ಮೈಲೇಜೂ ಎರಡು ಜಾಸ್ತಿ.

ಡೆನ್ವರ್_ಅಕ್ಕ
ದಯವಿಟ್ಟು ಇಂಥದ್ದನ್ನ ಇಲ್ಲಿ ಹೇಳ್ಬೇಡಿ. ಕ್ಲೀನ್ ಏರ್ ಆಕ್ಟ್ ಪ್ರಕಾರ ಅದು ತಪ್ಪು. ವಾರಂಟಿನೂ ಹೋಗುತ್ತೆ. ನಮ್ಮ ಮಗನಿಗೆ ಆಸ್ತಮಾ ಇದೆ. ಆ ಥರದ ಪಿಕಪ್ ಹಿಂದೆ ಸಿಗ್ನಲ್‌ನಲ್ಲಿ ನಿಂತಾಗ ಕಿಟಕಿ ಮುಚ್ಚಿದ್ರೂ ಅವನು ಕೆಮ್ತಾನೆ. ಎರಡು ಮೈಲಿ ಮೈಲೇಜಿಗೆ ಇದೆಲ್ಲ ಬೇಕಾ?

ಧಾರವಾಡ_ಮಿಶಿಗನ್
ಅಕ್ಕಾರ ಮಾತಿಗೆ ನಾನೂ ಹೂಂ ಅಂತೀನಿ. ನಾ ಬೈದದ್ದು ಮಾಡಿದ ರೀತಿಗೆ, ಹೊಗಿ ತಡಿಯೂದಕ್ಕಲ್ಲ. ನಾ ಕಿತ್ತ ಒಗಿಯಂವ ಅಲ್ಲ. ಮುಂದಿನ ಸಲ ಗ್ಯಾಸ ತಗೋತೀನಿ.

ಬೇ_ಏರಿಯಾ_ಅರ್ಧಟನ್
ಇಷ್ಟೆಲ್ಲ ಯಾಕ್ರೀ? 7,600 ಪೌಂಡಿಗೆ ಹೆವಿ ಡ್ಯೂಟಿಯೇ ಬೇಡ. ನನ್ನ ಅರ್ಧ ಟನ್ ಟ್ವಿನ್ ಟರ್ಬೋ 7,200 ಪೌಂಡ್ ಟ್ರೇಲರನ್ನ ನಾಲ್ಕು ವರ್ಷದಿಂದ ಎಳೀತಿದೆ. ಪೇಲೋಡ್ 1,560. ಮೊದಲು ಟಂಗ್ ವೇಟ್ (ಟ್ರೇಲರಿನ ಮೂತಿ ಪಿಕಪ್ ಕೊಂಡಿ ಮೇಲೆ ಒತ್ತೋ ಭಾರ) 860 ಬರ್ತಿತ್ತು, ನಾವು ನಾಲ್ಕು ಜನ ಕೂತ್ರೆ ಲೆಕ್ಕ ಅಂಚಿಗೆ ಬರ್ತಿತ್ತು. ಅದಕ್ಕೆ ಜನರೇಟರು, ನಾಲ್ಕು ಸೈಕಲ್ಲು, ಟೂಲ್ ಬಾಕ್ಸು ಎಲ್ಲ ಟ್ರೇಲರಿನ ಹಿಂದಿನ ರ‍್ಯಾಕಿಗೆ ಸಾಗಿಸಿದೆ. ಈಗ ಟಂಗ್ 560. ಪಿಕಪ್ ಆರಾಮಾಗಿದೆ.

ನನಗೆ ಪೆಟ್ಟು ಬಿದ್ದಿದ್ದು ಟೈರಿಂದ. ಟ್ರೇಲರ್ ಜೊತೆ ಬಂದ ಟೈರುಗಳು. ಐ-40ರಲ್ಲಿ, ಕಿಂಗ್‌ಮನ್ ದಾಟಿ, ಮಧ್ಯಾಹ್ನ ಮೂರು ಗಂಟೆ, 108 ಡಿಗ್ರಿ ಫ್ಯಾರನ್‌ಹೀಟ್. ಢಂ ಅಂತ ಶಬ್ದ. ಕನ್ನಡಿಯಲ್ಲಿ ನೋಡಿದ್ರೆ ಕಪ್ಪು ರಬ್ಬರಿನ ಪಟ್ಟಿ ಹಾವಿನ ಥರ ಗಾಳೀಲಿ ಬಡೀತಿತ್ತು. ಅದು ಬಡಿದು ಬಡಿದು ಫೆಂಡರ್ ಕಿತ್ತು, ನೆಲದ ಪ್ಲೈವುಡ್ ಒಡೆದು, ಪ್ರೋಪೇನ್ ಪೈಪನ್ನ ಬಗ್ಗಿಸಿತ್ತು. ಪೈಪ್ ಒಡೆದಿರಲಿಲ್ಲ, ಬರೀ ಬಗ್ಗಿತ್ತು. ಮಕ್ಕಳನ್ನ ಗಾರ್ಡ್‌ರೇಲ್ ಆಚೆ ನಿಲ್ಲಿಸಿ ಸಿಲಿಂಡರ್ ಮುಚ್ಚೋವಾಗ ಕೈ ನಡುಗ್ತಿತ್ತು. ರಿಪೇರಿ 2,740, ನಾಲ್ಕು ಹೊಸ ಟೈರು 720. ಟೈರ್ ಮೇಲಿನ ಡಾಟ್ ನಂಬರಿನ ಕೊನೇ ನಾಲ್ಕು ಅಂಕಿ 1419. 2019ರ 14ನೇ ವಾರದ್ದು. ಟ್ರೆಡ್ ಹೊಸದರ ಥರಾನೇ ಇತ್ತು, ಒಳಗಿಂದ ವಯಸ್ಸಾಗಿತ್ತು. ಅವತ್ತು 68ರಲ್ಲಿ ಹೋಗ್ತಿದ್ದೆ. ಆ ಟೈರಿಗೆ 65ರ ಮೇಲೆ ಹೋಗ್ಬಾರದು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಕಟ್ಟಿದ್ರೆ 55 ಅಂತ ಕಾನೂನೇ ಇದೆ, ಅದನ್ನ ಬೈಯ್ಕೊಂಡು ಓಡಿಸ್ತಿದ್ದೆ. ಈಗ ಎಲ್ಲೇ ಹೋದ್ರೂ 60.

ಕುಡ್ಲ_ವಿ8
ಐ-40ರಲ್ಲಿ 60ರಲ್ಲಿ ಹೋದರೆ ಹಿಂದಿನ ಸೆಮಿ ಮೈಮೇಲೆ ಬರ್ತದೆ. ನಾನು 75 ಮೈಲಿಗೆ ರೇಟ್ ಆದ ಟೈರ್ ಹಾಕಿಸಿ 72ರಲ್ಲಿ ಹೋಗುವುದು. ಎಲ್ಲರೊಟ್ಟಿಗೆ ಒಂದೇ ವೇಗದಲ್ಲಿ ಹೋಗುವುದೇ ಸೇಫ್.

ಬೇ_ಏರಿಯಾ_ಅರ್ಧಟನ್
ಆ ರಬ್ಬರ್ ಪಟ್ಟಿ ನಿಮ್ಮ ಮಕ್ಕಳ ಮಂಚದ ಕೆಳಗೆ ಬಡಿದಿದ್ದರೆ ಈ ಮಾತು ಬರ್ತಿರಲಿಲ್ಲ.

ಕಾವೇರಿ_ತೀರ
ಟೈರ್ ಜಗಳ ಒಂದು ಕಡೆ ಇಡಿ. ಅರ್ಧಟನ್ ಅವರೇ, ನೀವು ಮೇಲೆ ಬರೆದಿದ್ದು ಓದಿ ನನ್ನ ಎದೆ ಧಸಕ್ ಅಂತು. 7,200 ಪೌಂಡಿಗೆ ಟಂಗ್ 560 ಅಂದ್ರೆ ನೂರಕ್ಕೆ ಎಂಟೂ ಇಲ್ಲ. ಹತ್ತರಿಂದ ಹದಿನೈದು ಇರ್ಲೇಬೇಕು. ನಮ್ಮ ತಾತ ಕಬ್ಬಿನ ಗಾಡಿ ಹೇರೋವಾಗ ಮೂಕಿ ಎತ್ತಿ ಎತ್ತಿ ನೋಡೋರು. ಹಿಂಭಾರ ಆದ್ರೆ ಮೂಕಿ ಮೇಲಕ್ಕೆ ಎದ್ದು ಎತ್ತಿನ ಕೊರಳಿಗೆ ಕಣ್ಣಿ ಬಿಗಿಯುತ್ತೆ, ಇಳಿಜಾರಲ್ಲಿ ಗಾಡಿ ಎತ್ತುಗಳನ್ನೇ ಎಳೆದಾಡುತ್ತೆ. ಹೇರಿದ್ದ ಕಂತೆಗಳನ್ನ ಇಳಿಸಿ ಮತ್ತೆ ಮುಂದಕ್ಕೆ ಹೇರಿಸ್ತಿದ್ರು, ಎಷ್ಟೇ ಹೊತ್ತಾಗ್ಲಿ. ನೀವು ಪಿಕಪ್ಪಿನ ಪೇಲೋಡ್ ಉಳಿಸೋಕೆ ಟ್ರೇಲರನ್ನ ಹಿಂಭಾರ ಮಾಡಿದ್ದೀರಿ. ಅಡ್ಡಗಾಳಿ ಒಂದು ಬೀಸಿದ್ರೆ ಬಾಲ ಬೀಸೋಕೆ ಶುರು ಮಾಡುತ್ತೆ. ಆಮೇಲೆ ಯಾವ ಟರ್ಬೋನೂ ಬರಲ್ಲ.

ಬೇ_ಏರಿಯಾ_ಅರ್ಧಟನ್
ನನ್ನದಕ್ಕೆ ಬಾಲ ಬೀಸೋದು ತಡೆಯೋ ಸ್ವೇ ಕಂಟ್ರೋಲ್ ಹಿಚ್ ಇದೆ. ನಾಲ್ಕು ವರ್ಷದಲ್ಲಿ ಒಂದು ಸಲವೂ ಅಲ್ಲಾಡಿಲ್ಲ. ಎಲ್ಲರಿಗೂ ಒಂದು ಟನ್ ಮಾರೋಕೆ ನಿಂತಿದ್ದೀರಾ ನೀವು?

ಡೆನ್ವರ್_ಅಕ್ಕ
ಅವರು ಮಾರೋಕೆ ನಿಂತಿಲ್ಲ, ಹೆದರಿಕೆಯಿಂದ ಹೇಳ್ತಿದ್ದಾರೆ. ವಯೋಮಿಂಗ್‌ನ ಐ-80ರಲ್ಲಿ ಎಲ್ಕ್ ಮೌಂಟನ್ ಹತ್ರ ಗಾಳಿ ಜಾಸ್ತಿ ಆದಾಗ ಎತ್ತರದ ಹಗುರ ಗಾಡಿಗಳಿಗೆ ರಸ್ತೆಯನ್ನೇ ಮುಚ್ತಾರೆ. ಅಲ್ಲಿ ನನ್ನ ಟ್ರೇಲರ್ ಒಂದು ಸಲ ಬಾಲ ಬೀಸಿದೆ, ಟಂಗ್ ನೂರಕ್ಕೆ ಹದಿಮೂರು ಇದ್ದಾಗಲೂ. ಪಿಕಪ್ಪಿನ ಬ್ರೇಕ್ ಮುಟ್ಟದೆ ಕಂಟ್ರೋಲರಿನ ಲಿವರ್ ಮಾತ್ರ ಬೆರಳಲ್ಲಿ ಒತ್ತಿದೆ, ಟ್ರೇಲರ್ ಬ್ರೇಕು ಹಿಂದಕ್ಕೆ ಎಳೆದು ನೆಟ್ಟಗಾಯ್ತು. ಒಂದು ಸಲ ಸ್ಕೇಲಿಗೆ ಹೋಗಿ ಬನ್ನಿ ಪ್ಲೀಸ್. ಸುಮಾರು 15 ಡಾಲರ್ ಅಷ್ಟೇ.

ಮತ್ತೆ ಮೈಸೂರು_ಡ್ಯಾಲಸ್, ನೀವು ಆರು ಜನ ಅಲ್ವಾ? ಇದನ್ನ ಯಾರೂ ಎತ್ತಲೇ ಇಲ್ಲ. ಆರು ಜನ, ಲಗೇಜು, ಹಿಚ್ಚು, ಟಂಗ್ ಎಲ್ಲ ಕೂಡಿ ನೋಡಿ. ಮುಂದೆ ಮೂರು ಜನ ಕೂರೋ ಬೆಂಚ್ ಸೀಟು ಮೇಲಿನ ಟ್ರಿಮ್ಮುಗಳಲ್ಲಿ ಸಿಗೋದು ಕಷ್ಟ, ಅದನ್ನೂ ವಿಚಾರಿಸಿ.

ಮೈಸೂರು_ಡ್ಯಾಲಸ್
ಇವತ್ತು ಡೀಲರ್ ಲಾಟ್‌ಗೆ ಹೋಗಿ ಬಾಗಿಲು ತೆಗೆದು ತೆಗೆದು ಸ್ಟಿಕರ್ ಫೋಟೋ ತೆಗ್ದೆ. ಅಲ್ಲಿದ್ದ ಡೀಸೆಲ್‌ನ ಮೇಲಿನ ಟ್ರಿಮ್ ಪೇಲೋಡ್ 1,986. ಗ್ಯಾಸಿನ ಕೆಳಗಿನ ಟ್ರಿಮ್, ಬೆಂಚ್ ಸೀಟಿನದು, 3,014. ನಾವು ಆರು ಜನ 870, ಟಂಗ್ 950, ಹಿಚ್ 100, ಸಾಮಾನು 150. ಒಟ್ಟು 2,070. ಆ ಡೀಸೆಲ್‌ನಲ್ಲಿ ಅಪ್ಪ ಅಮ್ಮನ್ನ ಕೂರಿಸ್ಕೊಂಡ್ರೆ ಮನೆ ಗೇಟು ದಾಟೋ ಮೊದಲೇ ಜಾಸ್ತಿ. ಆಫೀಸ್ 6 ಮೈಲಿ ಅನ್ನೋದೂ ಧಾರವಾಡದವರ ಕತೆ ಓದಿದ ಮೇಲೆ ಹೆದರಿಸ್ತಿದೆ. ಬೆಟ್ಟ ಇಳಿಯೋದರ ಬಗ್ಗೆ ಅಕ್ಕ ಹೇಳಿದ್ದು ಮನಸ್ಸಲ್ಲಿ ಕೂತಿದೆ. ಕೆಳಗಿನ ಟ್ರಿಮ್ ಡೀಸೆಲ್ ಎಲ್ಲಾದ್ರೂ ಸಿಗುತ್ತಾ ಅಂತ ಇನ್ನೆರಡು ಕಡೆ ಕೇಳ್ತೀನಿ.

ಕುಡ್ಲ_ವಿ8
3,014! ನಾನು ಎಂತ ಹೇಳಿದ್ದು?

ಕಾವೇರಿ_ತೀರ
ಹೇಳಿದ್ದು ಕಾಗದದ ಲೆಕ್ಕ ಅಂತ. ಈಗ ಅದೇ ಕಾಗದ ಹಿಡ್ಕೊಂಡು ಕುಣೀತಿದ್ದೀರಿ.

ಧಾರವಾಡ_ಮಿಶಿಗನ್
ಡೀಸೆಲ್ಲ ತಗೋತೀನಿ ಅಂದ್ರ ವಾರಕ್ಕೊಮ್ಮೆ ಹೈವೇಕ್ಕ ಒಯ್ರಿ ಸರ. ರೀಜೆನ್ ಮುಗಿಯೂತನಾ ಕೀ ತೆಗೀಬ್ಯಾಡ್ರಿ. ಮನಿ ಬಾಗಲಿಗೆ ಬಂದಿದ್ರೂ ಮತ್ತೊಂದ ರೌಂಡ್ ಹೊಡೀರಿ.

ಬೇ_ಏರಿಯಾ_ಅರ್ಧಟನ್
ಸ್ಕೇಲಿಗೆ ಹೋಗಿ ಬಂದೆ. ಅಕ್ಕ ಕೇಳಿದ್ರು ಅಂತ ಹೋಗಿದ್ದು, ಬೇರೆ ಯಾರ ಮಾತಿಗೂ ಅಲ್ಲ. ಟ್ರೇಲರ್ ಕಟ್ಟಿ ಒಂದು ಸಲ, ಬಿಚ್ಚಿ ಒಂದು ಸಲ ತೂಕ ಮಾಡಿಸಿದೆ. ಟಂಗ್ 540. ಟ್ರೇಲರ್ ಒಟ್ಟು 7,380. ಪಿಕಪ್ ಮಿತಿಯೊಳಗಿದೆ, 240 ಪೌಂಡ್ ಉಳಿದಿದೆ.

ಕಾವೇರಿ_ತೀರ
ಹೋಗಿ ಬಂದ್ರಲ್ಲ, ಸಂತೋಷ. ನೀರಿನ ಟ್ಯಾಂಕ್ ಎಲ್ಲಿದೆ ನಿಮ್ಮದರಲ್ಲಿ, ಆಕ್ಸಲಿನ ಮುಂದೆಯಾ ಹಿಂದೆಯಾ? ತುಂಬಿತ್ತಾ?

ಬೇ_ಏರಿಯಾ_ಅರ್ಧಟನ್
ಹಿಂದೆ. 40 ಗ್ಯಾಲನ್. ಖಾಲಿ ಇತ್ತು.

ಕಾವೇರಿ_ತೀರ
40 ಗ್ಯಾಲನ್ ಅಂದ್ರೆ ಇನ್ನೂ 330 ಪೌಂಡು, ಅದೂ ಹಿಂಭಾರಕ್ಕೆ.

ಬೇ_ಏರಿಯಾ_ಅರ್ಧಟನ್
ಗೊತ್ತಾಯ್ತು. ಜನರೇಟರ್ ಪಿಕಪ್ ಬೆಡ್‌ಗೆ, ಟೂಲ್ ಬಾಕ್ಸ್ ಟ್ರೇಲರಿನ ಮುಂದಿನ ಗೂಡಿಗೆ ಹಾಕ್ತೀನಿ. ಸೈಕಲ್ ಎರಡು ಮನೇಲಿ ಬಿಡ್ತೀನಿ. ಗುರುವಾರ ನೀರು ತುಂಬಿಸ್ಕೊಂಡು ಮತ್ತೆ ಸ್ಕೇಲಿಗೆ ಹೋಗ್ತೀನಿ.